ದಾಜಿಪುರದ ಕಾಡುಕೋಣ ನೋಡಲು ಹೋಗುವವರಿಗೆ

ನಾನು, ನನ್ನ ಭಾವ ಮತ್ತು ಹತ್ತನೆಯ ತರಗತಿಯಲ್ಲಿ ಓದುವ ಅವರ ಮಗ, ಹೀಗೆ ಮೂವರು ಫೆಬ್ರುವರಿಯಲ್ಲಿ ಜತ್ತದಿಂದ ಮಿರಜ, ಕೊಲ್ಹಾಪುರಗಳ ಮೂಲಕ ಮಹಾರಾಷ್ಟ್ರದ ರಾಧಾನಗರಿ ಅಭಯಾರಣ್ಯಕ್ಕೆ ಹೋಗಿಬಂದೆವು. ನಾಲ್ಕು ದಿನಗಳ ಪ್ರವಾಸದಲ್ಲಿ ನಾವು ಮೋಸಹೋದದ್ದು ಎರಡು ಗಂಟೆಗಳ ಅವಧಿಯಲ್ಲಿ. ಆದರೆ ಅದಕ್ಕೆ ದಾರಿಯಾದದ್ದು ಮನೆಯಲ್ಲಿ ಕುಳಿತು ಫೋನಿನಲ್ಲಿ ಮಾಡಿದ ಒಂದು ತಪ್ಪಿನಿಂದ.

ತಂಗುವ ಕೋಣೆಯನ್ನು ನಾವು ರಾಧಾನಗರಿ ಊರಿನಲ್ಲಿ ಹಿಡಿದಿದ್ದೆವು. ಅಭಯಾರಣ್ಯದ ಬಾಗಿಲಲ್ಲೇ ಇದ್ದೇವೆ ಎಂದು ಮಾಲೀಕರು ಹೇಳಿದ್ದರು. ಹೋಗಿ ನೋಡಿದರೆ ನಾವು ಒಳಹೋಗಬೇಕಾಗಿದ್ದ ದಾಜಿಪುರದ ಪ್ರವೇಶದ್ವಾರ ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ, ಫೋಂಡಾ ಘಾಟಿನ ದಾರಿಯಲ್ಲಿದೆ. ನಸುಕಿನಲ್ಲಿ ಅಲ್ಲಿಗೆ ತಲುಪಲು ಬೇರೆ ಉಪಾಯವಿಲ್ಲದ್ದರಿಂದ ಮಾಲೀಕರೇ ಗೊತ್ತುಮಾಡಿಕೊಟ್ಟ ಜೀಪಿಗೆ 3,200 ರೂಪಾಯಿ ಒಪ್ಪಿದೆವು. ಆರು ಗಂಟೆಗೆ ಬರಬೇಕಾದ ಜೀಪು ಬಂದದ್ದು ಎಂಟೂಕಾಲಕ್ಕೆ. ಕಾಡುಕೋಣಗಳು ನಸುಕಿನಲ್ಲೂ ಸಂಜೆಯಲ್ಲೂ ಮೇಯುವ ಪ್ರಾಣಿಗಳು. ಬಿಸಿಲೇರಿದ ಮೇಲೆ ಅವು ನೆರಳು ಬಿಟ್ಟು ಹೊರಬರುವುದು ಅಪರೂಪ. ಇದು ಚಾಲಕನಿಗೆ ತಿಳಿಯದ ವಿಷಯವೇನಲ್ಲ. ಮೂರು ಗಂಟೆಯ ಸುತ್ತಾಟವೆಂದು ಹೇಳಿದ್ದವನು ಎರಡು ಗಂಟೆಯೊಳಗೆ ಮುಗಿಸಿದನು, ಏಕೆಂದರೆ ಅವನಿಗೆ ಮುಂದಿನ ಬಾಡಿಗೆ ಕಾದಿತ್ತು.

ಸಾವರಾಯಿ ಸಡಾದಲ್ಲಿ ಮಾತ್ರ ಹತ್ತು ನಿಮಿಷ ನಿಲ್ಲಿಸಿದನು. ಸಡಾ ಎಂದರೆ ಬೆಟ್ಟದ ನೆತ್ತಿಯ ಮೇಲಿನ ಬಂಡೆಬಯಲು. ಸಹ್ಯಾದ್ರಿ ಜ್ವಾಲಾಮುಖಿಯಿಂದ ಆದದ್ದೆಂದು ಶಾಲೆಯಲ್ಲಿ ಓದಿದ್ದ ಅಳಿಯ, "ಮಾಮಾ, ಅದರ ಬಾಯಿ ಎಲ್ಲಿ ಐತಿ?" ಎಂದು ಕೇಳಿದಾಗ ಚಾಲಕನು ಮಳೆನೀರು ನಿಲ್ಲುವ ಒಂದು ತಗ್ಗನ್ನು ತೋರಿಸಿ "ಇದೇ" ಎಂದುಬಿಟ್ಟನು! ಅಂಥ ಬಾಯಿ ಇಲ್ಲಿ ಇಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಪದರ ಪದರವಾಗಿ ಉಕ್ಕಿ ಹರಡಿ ಹೆಪ್ಪುಗಟ್ಟಿ ಈ ಕಪ್ಪುಕಲ್ಲು ಆಗಿದೆ. ಎರಡು ಹರಿವುಗಳ ನಡುವೆ ಅಲ್ಲಲ್ಲಿ ಸಿಗುವ ಇಟ್ಟಿಗೆಬಣ್ಣದ ತೆಳು ಪಟ್ಟಿ ಆ ಕಾಲದ ಮಣ್ಣು. ಮೇಲ್ಪದರ ಮಾತ್ರ ಮಳೆಗೆ ಸವೆದು ಮುರಕಲ್ಲಾಗಿದೆ; ಮರಾಠಿಯಲ್ಲಿ ಅದಕ್ಕೆ ಜಾಂಭಾ ಎನ್ನುತ್ತಾರೆ. ಜತ್ತದಲ್ಲಿ ನಮ್ಮ ಬಾವಿ ತೋಡುವಾಗ ಸುತ್ತಿಗೆ ಮುರಿದದ್ದೂ ಇದೇ ಕಪ್ಪುಕಲ್ಲಿಗೆ. ಕಲ್ಲು ಒಂದೇ ಆದರೂ ಅಲ್ಲಿ ಜಾಲಿ, ಇಲ್ಲಿ ಹಗಲಲ್ಲೂ ನೆಲಕ್ಕೆ ಬಿಸಿಲು ತಾಗದ ಕಾಡು, ವ್ಯತ್ಯಾಸವೆಲ್ಲ ಮಳೆಯದು.

ಹಸಿದು ಸಿಟ್ಟಾಗಿ ರಾಧಾನಗರಿಗೆ ಮರಳಿದ ನಮ್ಮನ್ನು ಉಳಿಸಿದ್ದು ಒಂದು ಖಾನಾವಳಿ. ಅದಕ್ಕೆ ಫಲಕವಿಲ್ಲ, ಹೊರಗೆ ಹಂಡೆಯಲ್ಲಿ ನೀರು, ಒಳಗೆ ನಾಲ್ಕು ಬಾಂಕು. ತಾಂಬಡಾ, ಪಾಂಢರಾ ರಸ್ಸಾ, ಅಂದರೆ ಕೊಲ್ಹಾಪುರದ ಕೆಂಪು, ಬಿಳಿ ಮಾಂಸದ ಸಾರು, ಇರಬಹುದೆಂದುಕೊಂಡಿದ್ದೆವು. ಇದ್ದದ್ದು ರಾಗಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಕಲ್ಲಿನಲ್ಲಿ ಜಜ್ಜಿದ ಹಸಿಮೆಣಸಿನ ಖರಡಾ, ಅನ್ನ ಮತ್ತು ಕಟ್ಟಿನ ಸಾರು. ಜೋಳದ ರೊಟ್ಟಿಗೆ ಒಗ್ಗಿದ ಭಾವ ಮೊದಲು ಮುಖ ಸಿಂಡರಿಸಿದರು. ಒಲೆಯ ಮುಂದಿದ್ದ ತಾಯಿ ನಮ್ಮ ಮಾತು ಕೇಳಿ, "ಯಾವೂರ್ರೀ ಅಣ್ಣಾ? ನಮ್ಮ ತವರಮನಿ ಅಥಣಿ ಕಡೆ" ಎಂದವರು, ಅಂಗೈಯಲ್ಲಿ ತಟ್ಟಿದ ರೊಟ್ಟಿಯನ್ನು ಹೆಂಚಿನಿಂದ ತೆಗೆದು ಕೆಂಡಕ್ಕೆ ಒರಗಿಸಿ ನಿಲ್ಲಿಸಿದರು; ಅದು ಉಬ್ಬಿ ಉಸಿರು ಬಿಡುತ್ತಿದ್ದಂತೆ ನೇರವಾಗಿ ತಟ್ಟೆಗೆ ಬಂತು. ಭಾವ ನಾಲ್ಕು ತಿಂದರು. ಮೂವರ ಊಟಕ್ಕೆ 240 ರೂಪಾಯಿ, ಮಜ್ಜಿಗೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನ ಎರಡರೊಳಗೆ ಹೋಗಬೇಕು, ಆಮೇಲೆ ಒಲೆ ಆರಿಸುತ್ತಾರೆ.

ಮುಂಗಡ ಕೊಟ್ಟಿದ್ದ ಎರಡನೆಯ ರಾತ್ರಿಯನ್ನು ಬಿಟ್ಟುಕೊಟ್ಟು ನಾವು ಅಂದೇ ಬಸ್ಸಿನಲ್ಲಿ ದಾಜಿಪುರಕ್ಕೆ ಹೋಗಿ ಒಂದು ಮನೆಯಲ್ಲಿ ಉಳಿದೆವು. ಮೊದಲೇ ಹೀಗೆ ಮಾಡಿ ಎಂಬುದೇ ನನ್ನ ಸಲಹೆ. ಹಾಸಿಗೆ ತೆಳ್ಳಗಿತ್ತು, ಬಚ್ಚಲು ಹಿತ್ತಲಿನಲ್ಲಿತ್ತು, ಆದರೆ ಕಾಡಿನ ಅಂಚು ಕಾಲ್ನಡಿಗೆಯಲ್ಲೇ ಸಿಗುತ್ತಿತ್ತು. ಅಭಯಾರಣ್ಯದೊಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಕ ಬೇಕು. ಮೂರನೆಯ ದಿನ ಮನೆಯವರ ಹುಡುಗನೊಡನೆ ಊರಿನ ಅಂಚಿನಲ್ಲಿ ಸಂಜೆ ಸುಮ್ಮನೆ ಕುಳಿತೆವು. ಮೊದಲು ಕಂಡದ್ದು ಶೇಕರು, ಅಂದರೆ ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ ಕೆಂದಳಿಲು. ಮೈಗಿಂತ ಉದ್ದವಾದ ಬಾಲವನ್ನು ಕೊಂಬೆಯಿಂದ ಇಳಿಬಿಟ್ಟು ಹಣ್ಣು ಕಡಿಯುತ್ತಿತ್ತು. ಆಮೇಲೆ ಕಾರವಿ ಗಿಡಗಳು ಅಲುಗಿದವು. ಹುಡುಗ "ಗವಾ" ಎಂದು ಪಿಸುಗುಟ್ಟಿದ. ಐದು ಕಾಡುಕೋಣಗಳು ಒಂದರ ಹಿಂದೊಂದು ಹೊರಬಂದವು. ಕಪ್ಪು ಮೈ, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ತೊಟ್ಟಂತೆ. ಮುಂದಿನದು ಮೂಗರಳಿಸಿ ಒಮ್ಮೆ ಫೂತ್ಕರಿಸಿತು. ನಾವು ಮೂವರೂ ಉಸಿರು ಬಿಗಿಹಿಡಿದೆವು. 1958ರಲ್ಲಿ ಇದನ್ನು ಅಭಯಾರಣ್ಯವೆಂದು ಘೋಷಿಸಿದ್ದೇ ಈ ಪ್ರಾಣಿಗಾಗಿ. ಅದಕ್ಕೂ ಮೊದಲು ಇದು ಕೊಲ್ಹಾಪುರದ ಅರಸರ ಬೇಟೆಯ ಕಾಡಾಗಿತ್ತು.

ಶನಿವಾರ, ಭಾನುವಾರಗಳಲ್ಲಿ ಹೋಗಬೇಡಿ; ಗುಂಪುಗಳ ಗದ್ದಲ ನನಗಂತೂ ಸಹನವಾಗದು, ಪ್ರಾಣಿಗಳಿಗೂ ಆಗದು. ಮಳೆಗಾಲದಲ್ಲಿ ಒಳದಾರಿ ಮುಚ್ಚಿರುತ್ತದೆ. ಚಿಲ್ಲರೆ ಹಣ ಇಟ್ಟುಕೊಳ್ಳಿ, ಮೊಬೈಲಿನ ಸಿಗ್ನಲ್ ನಮಗೆ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಕೊಲ್ಹಾಪುರದ ಬಸ್ಸಿಗೆ ಕಾಯುತ್ತಿದ್ದಾಗ ಒಂಬತ್ತರ ಸುಮಾರಿಗೆ ಅದೇ ಜೀಪು ಬಂತು, ಹಿಂದಿನ ಸೀಟಿನಲ್ಲಿ ಕ್ಯಾಮರಾ ಹಿಡಿದ ಕುಟುಂಬವೊಂದಿತ್ತು. ಚಾಲಕನು ನಮ್ಮನ್ನು ಗುರುತಿಸಿ ಹಾರ್ನ್ ಬಾರಿಸಿ ಕೈಬೀಸಿ ಹೋದನು.