ಮಕ್ಕಳ ಜೊತೆ ಹತ್ತು ದಿನ, ಮೂರು ದೇಶ: ಆಗುತ್ತಾ?

ಸಂಕ್ರಾಂತಿ ಮುಗಿದರೆ ಸಾಕು, ನನಗೆ ಫೋನ್ ಬರೋಕೆ ಶುರು. "ಬೇಸಿಗೆ ರಜಕ್ಕೆ ನಿಮ್ಮ ಕಡೆ ಬರೋಣ ಅಂತಿದ್ದೀವಿ. ದೊಡ್ಡವನಿಗೆ ಆರು, ಚಿಕ್ಕವಳಿಗೆ ಮೂರು. ಹತ್ತು ದಿನ ಇದೆ. ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರೂ ಆಗುತ್ತಾ?" ನಾನು ಸ್ವೀಡನ್ನಿನ ಮಾಲ್ಮೊದಲ್ಲಿ ಇದ್ದೇನೆ. ಹಾಗಾಗಿ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಎಲ್ಲರದ್ದೂ ಇದೇ ಪ್ರಶ್ನೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುತ್ತೇನೆ. ಈ ಸಲ ಬರೆದೇ ಬಿಡುತ್ತೇನೆ.

ಮೂರೂ ಆಗುತ್ತದೆ. ಆದರೆ ಮ್ಯಾಪ್ ಇಟ್ಟುಕೊಂಡು ಊರಿಗೊಂದು ಟಿಕ್ ಹಾಕುವುದನ್ನು ಬಿಡಿ. ಮೊದಲು ಒಂದೇ ಲೆಕ್ಕ ಹಾಕಿ: ಎಷ್ಟು ಸಲ ಸೂಟ್‌ಕೇಸ್ ಕಟ್ಟಬೇಕು? ಚಿಕ್ಕ ಮಕ್ಕಳಿದ್ದರೆ ಹತ್ತು ದಿನಕ್ಕೆ ಎರಡು ಮನೆ, ನಡುವೆ ಒಂದು ರಾತ್ರಿ ಪ್ರಯಾಣ. ಅದಕ್ಕಿಂತ ಜಾಸ್ತಿ ಬೇಡ.

ಇದನ್ನು ನಾನು ಕಲಿತಿದ್ದು ನನ್ನ ತಂಗಿ ಬಂದಾಗ. ಅವರು ಒಂಬತ್ತು ರಾತ್ರಿಗೆ ಐದು ಕಡೆ ರೂಮ್ ಮಾಡಿದ್ದರು. ಕೋಪನ್‌ಹೇಗನ್, ಸ್ಟಾಕ್‌ಹೋಮ್, ಓಸ್ಲೊ, ಬರ್ಗೆನ್, ಕೊನೆಗೆ ನಮ್ಮ ಮನೆ. ಸ್ಟಾಕ್‌ಹೋಮ್‌ಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿನ ವಾಸಾ ಮ್ಯೂಸಿಯಂ ನನಗೆ ತುಂಬಾ ಇಷ್ಟ. 1628ರಲ್ಲಿ ಮೊದಲ ಪ್ರಯಾಣಕ್ಕೆ ಹೊರಟ ರಾಜನ ಯುದ್ಧನೌಕೆ, ಒಂದೂವರೆ ಕಿಲೋಮೀಟರ್ ಕೂಡ ದಾಟದೆ ಬಂದರಿನಲ್ಲೇ ಮುಳುಗಿತು. 333 ವರ್ಷ ಆದಮೇಲೆ, 1961ರಲ್ಲಿ, ಅದನ್ನು ಮೇಲೆತ್ತಿದರು. ಕತ್ತಲೆಯ ದೊಡ್ಡ ಹಾಲ್‌ನಲ್ಲಿ ಆ ಇಡೀ ಹಡಗು ನಿಂತಿದೆ. ಬಾಗಿಲು ದಾಟಿದ ತಕ್ಷಣ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಆದರೆ ತಂಗಿಯ ಮಗ ಎರಡು ನಿಮಿಷ ನೋಡಿದ. ಆಮೇಲೆ ನೆಲದ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಒತ್ತಿಕೊಂಡು ನಿದ್ದೆ ಹೋದ. ಅದು ಅವನ ಐದನೇ ದಿನ, ಎರಡನೇ ಊರು. ತಂಗಿ ಪಕ್ಕದಲ್ಲಿ ಕೂತು ಅವನ ಶೂ ಬಿಚ್ಚಿದಳು. ಅವಳ ಕಣ್ಣಲ್ಲೂ ನೀರಿತ್ತು.

ಅದೇ ಹುಡುಗ ನಮ್ಮ ಮನೆಗೆ ಬಂದ ಮೇಲೆ ಬೇರೆಯೇ ಮಗು. ಇಲ್ಲಿ ಬಾಟಲಿ, ಕ್ಯಾನ್ ಕೊಳ್ಳುವಾಗ ಸ್ವಲ್ಪ ಠೇವಣಿ ಹಣ ಸೇರಿಸಿ ಕೊಡಬೇಕು. ಇದಕ್ಕೆ 'ಪಂಟ್' ಅನ್ನುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಮಿಷಿನ್‌ಗೆ ಹಾಕಿದರೆ ಹಣ ವಾಪಸ್. ಗೋಡೆಯಲ್ಲಿ ಒಂದು ದುಂಡನೆಯ ಬಾಯಿ. ಅವನು ತುದಿಗಾಲಲ್ಲಿ ನಿಂತು ಬಾಟಲಿ ಇಡುತ್ತಿದ್ದ. ಬೆಲ್ಟ್ ಅದನ್ನು ಎಳೆದುಕೊಳ್ಳುತ್ತಿತ್ತು, ಒಳಗೆ ಗಿರ್ರ್ ಅಂತ ತಿರುಗಿಸಿ ನೋಡುತ್ತಿತ್ತು, ಆಮೇಲೆ ಕರಕ್ ಅಂತ ಅಗಿಯುತ್ತಿತ್ತು. ಪರದೆಯ ಮೇಲೆ ನಂಬರ್ ಏರುತ್ತಿತ್ತು. ಕೊನೆಗೆ ಹಸಿರು ಗುಂಡಿ ಒತ್ತಿದರೆ ಚೀಟಿ. ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಏಲಕ್ಕಿ ಬನ್ ತಗೊಂಡ. ಮಾರನೇ ದಿನ ಎದ್ದವನೇ, "ದೊಡ್ಡಮ್ಮ, ಬಾಟ್ಲಿ ತಿನ್ನೋ ಮಿಷಿನ್ ಹತ್ರ ಹೋಗೋಣ್ವಾ?" ಅಂದ. ಇಡೀ ಪ್ರವಾಸದಲ್ಲಿ ಅವನಾಗಿಯೇ ಕೇಳಿದ್ದು ಅದೊಂದೇ ಜಾಗ.

ಆವತ್ತಿನಿಂದ ಕೇಳಿದವರಿಗೆಲ್ಲ ನಾನು ಹೇಳುವ ಪ್ಲಾನ್ ಇದು. ಕೋಪನ್‌ಹೇಗನ್‌ನಲ್ಲಿ ಐದು ರಾತ್ರಿ. ಅಲ್ಲಿಂದ ಓಸ್ಲೊಗೆ ರಾತ್ರಿ ಹಡಗು. ಓಸ್ಲೊದಲ್ಲಿ ಮೂರೋ ನಾಲ್ಕೋ ರಾತ್ರಿ. ಸ್ವೀಡನ್ ಎಲ್ಲಿ ಹೋಯಿತು ಅಂತೀರಾ? ಅದು ಸೇತುವೆಯ ಆಚೆಗೇ ಇದೆ, ಹೇಳುತ್ತೇನೆ. ವಿಮಾನದ ಟಿಕೆಟ್ ಮಾತ್ರ ಕೋಪನ್‌ಹೇಗನ್‌ಗೆ ಬಂದು ಓಸ್ಲೊದಿಂದ ಹೊರಡುವ ಹಾಗೆ ತಗೊಳ್ಳಿ. ಬಂದ ದಾರಿಗೇ ವಾಪಸ್ ಹೋಗುವುದರಲ್ಲಿ ಒಂದು ದಿನ ಸುಮ್ನೆ ಹಾಳಾಗುತ್ತದೆ.

ತಿಂಗಳು ಯಾವುದು? ನಮ್ಮ ಮಕ್ಕಳಿಗೆ ರಜ ಇರುವುದು ಏಪ್ರಿಲ್, ಮೇ. ಏಪ್ರಿಲ್‌ನಲ್ಲಿ ಇಲ್ಲಿ ಇನ್ನೂ ಚಳಿ, ಗಾಳಿ. ಮೇ ಎರಡನೇ ವಾರ ಬನ್ನಿ. ಮರಗಳೆಲ್ಲ ಚಿಗುರಿರುತ್ತವೆ, ಓಸ್ಲೊದಲ್ಲಿ ಹತ್ತಿರ ಹತ್ತಿರ ಹತ್ತು ಗಂಟೆವರೆಗೆ ಬೆಳಕಿರುತ್ತದೆ. ಆದರೂ ಸ್ವೆಟರ್, ಜಾಕೆಟ್ ಬೇಕೇ ಬೇಕು. ಮಕ್ಕಳಿಗೆ ಮಳೆ ಪ್ಯಾಂಟ್ ಒಂದು ತಗೊಳ್ಳಿ. ಇಲ್ಲಿ ಮಳೆ ಬಂದರೆ ಯಾರೂ ಮಕ್ಕಳನ್ನು ಒಳಗೆ ಕೂಡಿಹಾಕುವುದಿಲ್ಲ, ಆ ಪ್ಯಾಂಟ್ ಹಾಕಿ ಕೆಸರಿಗೆ ಬಿಡುತ್ತಾರೆ.

ಮೂರೂ ದೇಶಕ್ಕೂ ವೀಸಾ ಒಂದೇ, ಷೆಂಗೆನ್ ಅಂತ ಹೆಸರು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಅದಕ್ಕೇ ಅರ್ಜಿ ಹಾಕಬೇಕು. ಈ ಪ್ಲಾನ್‌ನಲ್ಲಿ ಅದು ಡೆನ್ಮಾರ್ಕ್. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ತಗೊಳ್ಳುತ್ತಾರೆ, ಹಾಗಾಗಿ ಮೇ ಪ್ರಯಾಣಕ್ಕೆ ಜನವರಿಯಲ್ಲೇ ಕಾಗದ ಪತ್ರ ಶುರು ಮಾಡಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದವರಿಗೆ 45. ಆರರ ಒಳಗಿನ ಮಕ್ಕಳಿಗೆ ಇಲ್ಲ. ಯೂರೋ ಅಂದೆ, ಆದರೆ ಈ ಮೂರೂ ದೇಶದಲ್ಲಿ ಯೂರೋ ನಡೆಯುವುದಿಲ್ಲ, ಮೂರಕ್ಕೂ ಬೇರೆ ಬೇರೆ ಕ್ರೋನ. ನೋಟು ಬದಲಿಸುವ ತಲೆನೋವು ಬೇಡ, ಎಲ್ಲ ಕಡೆ ಕಾರ್ಡ್ ನಡೆಯುತ್ತದೆ.

ಈಗ ಮುಖ್ಯ ವಿಷಯ, ನಿದ್ದೆ. ಬೇಸಿಗೆಯಲ್ಲಿ ಇಲ್ಲಿಗೂ ಭಾರತಕ್ಕೂ ಮೂರೂವರೆ ಗಂಟೆ ವ್ಯತ್ಯಾಸ. ಊರಿನಲ್ಲಿ ಎಂಟಕ್ಕೆ ಏಳುವ ಮಗು ಇಲ್ಲಿ ನಾಲ್ಕೂವರೆಗೇ ಕಣ್ಣು ಬಿಡುತ್ತದೆ. ಸಂಜೆ ಐದೂವರೆಗೆ ತೂಕಡಿಸುತ್ತದೆ. ಎಲ್ಲರೂ ಇದನ್ನು ಸರಿ ಮಾಡಲು ಒದ್ದಾಡುತ್ತಾರೆ. ನಾನು ಹೇಳುವುದು, ಒದ್ದಾಡಬೇಡಿ, ಅದರ ಜೊತೆಗೇ ಹೋಗಿ. ಏಳು ಗಂಟೆಗೆ ಬೇಕರಿ ತೆರೆಯುತ್ತದೆ. ಊರು ಖಾಲಿ ಇರುತ್ತದೆ. ಆಗ ಹೊರಡಿ. ನೋಡಬೇಕಾದ ಒಂದು ಜಾಗವನ್ನು ಮಧ್ಯಾಹ್ನದ ಒಳಗೆ ನೋಡಿ. ಊಟ, ನಿದ್ದೆ. ಎದ್ದ ಮೇಲೆ ಮನೆ ಹತ್ತಿರದ ಆಟದ ಮೈದಾನ. ಆರು ಗಂಟೆಗೆ ಅನ್ನ. ದಿನಕ್ಕೆ ಒಂದೇ ಜಾಗ, ಒಂದೇ ಮೈದಾನ. ಇನ್ನೊಂದು ವಿಷಯ: ರೂಮ್ ಬುಕ್ ಮಾಡುವಾಗ ಬೆಳಕು ಬರದ ದಪ್ಪ ಪರದೆ ಇದೆಯಾ ಅಂತ ಕೇಳಿ. ಬೆಳಿಗ್ಗೆ ಐದಕ್ಕೇ ಬಿಸಿಲು ಮುಖಕ್ಕೆ ಬಿದ್ದರೆ ಯಾವ ಮಗುವೂ ಮಲಗುವುದಿಲ್ಲ.

ಕೋಪನ್‌ಹೇಗನ್‌ನಲ್ಲಿ ಮೊದಲ ದಿನ ಏನು ಮಾಡಬೇಕು? ಮೆಟ್ರೋದಲ್ಲಿ ಸುತ್ತಿ. ನಿಜವಾಗಿ ಹೇಳುತ್ತಿದ್ದೇನೆ. ಅಲ್ಲಿನ ಮೆಟ್ರೋಗೆ ಡ್ರೈವರ್ ಇಲ್ಲ. ಮುಂದಿನ ದೊಡ್ಡ ಗಾಜಿನ ಹಿಂದೆಯೇ ಸೀಟು. ಮಗು ಅಲ್ಲಿ ಕೂತರೆ ಇಡೀ ಸುರಂಗ, ಹಳಿ, ದೀಪಗಳು ಅದರ ಕಡೆಗೇ ಓಡಿ ಬರುತ್ತವೆ. ಒಬ್ಬ ದೊಡ್ಡವರ ಟಿಕೆಟ್‌ಗೆ ಹನ್ನೆರಡರ ಒಳಗಿನ ಇಬ್ಬರು ಮಕ್ಕಳು ಪುಕ್ಕಟೆ. ಅದೇ ಟಿಕೆಟ್‌ನಲ್ಲಿ ಬಂದರಿನ ಹಳದಿ ದೋಣಿ ಬಸ್ಸೂ ಹತ್ತಬಹುದು. ಮೆಟ್ರೋದಲ್ಲೇ ಅಮಾಗರ್ ಬೀಚಿಗೆ ಹೋಗಬಹುದು. ಮೇ ತಿಂಗಳಲ್ಲಿ ನೀರು ತುಂಬಾ ತಣ್ಣಗೆ, ಆದರೆ ಮರಳಿಗೆ ಏನಾಗಿದೆ? ಒಂದು ಬಕೆಟ್, ಒಂದು ಸೌಟು ಕೊಟ್ಟರೆ ಎರಡು ಗಂಟೆ ಅಲ್ಲೇ.

ಟಿವೋಲಿಗೆ ಒಂದು ದಿನ ಪೂರ್ತಿ ಇಡಿ. 1843ರಿಂದ ಇರುವ ಉದ್ಯಾನ, ರೈಲ್ವೆ ಸ್ಟೇಷನ್ ಎದುರಿಗೇ. ಒಳಗೆ ಹೋಗುವ ಟಿಕೆಟ್ ಬೇರೆ, ಆಟಗಳ ಟಿಕೆಟ್ ಬೇರೆ. ಮೂರು ವರ್ಷದ ಮಗುವಿಗೆ ಆಟಗಳ ಟಿಕೆಟ್ ಕೊಳ್ಳುವ ಮುಂಚೆ ಒಂದು ಸುತ್ತು ನಡೆದು ನೋಡಿ. ನವಿಲು, ಹೂವು, ಒಳಗಿನ ಆಟದ ಮೈದಾನ, ಇಷ್ಟೇ ಸಾಕಾಗಬಹುದು. ಮತ್ಸ್ಯಕನ್ಯೆಯ ಪ್ರತಿಮೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಒಂದೂಕಾಲು ಮೀಟರ್ ಎತ್ತರ, ಸುತ್ತ ಜನ ಜಾಸ್ತಿ. ದಾರಿಯಲ್ಲಿ ಸಿಕ್ಕರೆ ನೋಡಿ, ಅದಕ್ಕೆಂದೇ ಹೋಗಬೇಡಿ.

ಸ್ವೀಡನ್ ಅಂದೆನಲ್ಲ. ಒಂದು ದಿನ ರೈಲು ಹತ್ತಿ ಮಾಲ್ಮೊಗೆ ಬನ್ನಿ. ಮುಕ್ಕಾಲು ಗಂಟೆಯೂ ಆಗುವುದಿಲ್ಲ. ವಿಮಾನ ನಿಲ್ದಾಣ ದಾಟಿದ ಮೇಲೆ ರೈಲು ಸಮುದ್ರದ ಕೆಳಗಿನ ಸುರಂಗಕ್ಕೆ ಇಳಿಯುತ್ತದೆ. ಆಮೇಲೆ ಒಂದು ಕಟ್ಟಿದ ದ್ವೀಪದ ಮೇಲೆ ಬರುತ್ತದೆ. ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ಉದ್ದದ ಓರೆಸುಂಡ್ ಸೇತುವೆ. 2000ನೇ ಇಸವಿಯಲ್ಲಿ ತೆರೆದದ್ದು. ಕತ್ತಲೆಯಿಂದ ಒಮ್ಮೆಲೇ ನೀರಿನ ಮೇಲೆ ಬಂದಾಗ ಡಬ್ಬಿಯಲ್ಲಿರುವ ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಮರೆಯಬೇಡಿ, ಸ್ವೀಡನ್ ಕಡೆ ಪೊಲೀಸರು ಹತ್ತಿ ನೋಡುವುದುಂಟು. ಮಾಲ್ಮೊದಲ್ಲಿ ಫೋಲ್ಕೆಟ್ಸ್ ಪಾರ್ಕ್ ಅಂತ 1891ರ ಹಳೆಯ ಉದ್ಯಾನ ಇದೆ. ಮಕ್ಕಳು ಆಡಲಿ, ನೀವು ಹತ್ತಿರದಲ್ಲೇ ಫಲಾಫೆಲ್ ತಗೊಂಡು ಹುಲ್ಲಿನ ಮೇಲೆ ಕೂತು ತಿನ್ನಿ. ನಮ್ಮೂರ ಫಲಾಫೆಲ್‌ಗೆ ಹೆಸರಿದೆ. ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುತ್ತದೆ, ಜೇಬಿಗೂ ಭಾರ ಇಲ್ಲ.

ಊಟದ ಚಿಂತೆ ಎಲ್ಲ ಅಮ್ಮಂದಿರಿಗೂ ಇರುತ್ತದೆ, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ತಗೊಳ್ಳಿ. ಅಕ್ಕಿ, ತೊಗರಿಬೇಳೆ ಎರಡೂ ಊರಲ್ಲಿ ಸಿಗುತ್ತವೆ. ಮೊಸರನ್ನಕ್ಕೆ ಟರ್ಕಿಶ್ ಯೋಗರ್ಟ್ ಅಂತ ಗಟ್ಟಿ ಮೊಸರು ಬರುತ್ತದೆ, ಸ್ವಲ್ಪ ಹಾಲು ಬೆರೆಸಿದರೆ ನಮ್ಮ ಮನೆಯದೇ ರುಚಿ. ನಲ್ಲಿ ನೀರನ್ನು ಹಾಗೇ ಕುಡಿಯಬಹುದು. ಒಗ್ಗರಣೆ ಹಾಕುವಾಗ ಮಾತ್ರ ಚಿಮಣಿ ಹಾಕಿ, ಕಿಟಕಿ ತೆಗೆಯಿರಿ. ಸಾಸಿವೆ, ಒಣಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕಿರುಚಿಕೊಂಡು ಮಲಗಿದ ಮಕ್ಕಳೆಲ್ಲ ಎದ್ದುಬಿಡುತ್ತಾರೆ. ಮಿಠಾಯಿ ಕೊಳ್ಳುವ ಮುಂಚೆ ಪೊಟ್ಟಣದಲ್ಲಿ ಜೆಲಟಿನ್ ಅಂತ ಇದೆಯಾ ನೋಡಿ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು.

ಊರಿಂದ ಚಟ್ನಿಪುಡಿ, ಅವಲಕ್ಕಿ, ರಾಗಿ ಹುರಿಹಿಟ್ಟು ತನ್ನಿ. ತುಪ್ಪ, ಧಾರವಾಡ ಪೇಡ ತರಬೇಡಿ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದಕ್ಕೆ ಯೂರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಕೂಸಿನ ಹಾಲಿನ ಪುಡಿಗೆ ಮಾತ್ರ ವಿನಾಯಿತಿ ಇದೆ. ಮೇ ತಿಂಗಳು ಅಂತ ಮಾವಿನಹಣ್ಣು ತರಲು ಎಲ್ಲರಿಗೂ ಆಸೆ. ಸರ್ಟಿಫಿಕೇಟ್ ಇಲ್ಲದೆ ಅದೂ ಆಗುವುದಿಲ್ಲ. ನನಗಾಗಿ ಅಂತ ಕಷ್ಟಪಟ್ಟು ಹೊತ್ತು ತಂದ ಹಣ್ಣನ್ನು ಅಲ್ಲಿ ಎಸೆಯುವುದು ಬೇಡ.

ಹಡಗು ಕೋಪನ್‌ಹೇಗನ್‌ನಿಂದ ಮಧ್ಯಾಹ್ನ ಹೊರಡುತ್ತದೆ, ಮಾರನೇ ದಿನ ಬೆಳಿಗ್ಗೆ ಓಸ್ಲೊ ಸೇರುತ್ತದೆ. ನಮ್ಮದೇ ಒಂದು ಚಿಕ್ಕ ಕ್ಯಾಬಿನ್, ಮೇಲೊಂದು ಕೆಳಗೊಂದು ಹಾಸಿಗೆ. ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ಹಡಗಿನ ಊಟ ದುಬಾರಿ, ಚಪಾತಿ ಕಟ್ಟಿಕೊಳ್ಳಿ. ಬೆಳಿಗ್ಗೆ ಬೇಗ ಎದ್ದ ಮಗುವನ್ನು ಕಂಬಳಿ ಸುತ್ತಿ ಮೇಲೆ ಕರೆದುಕೊಂಡು ಹೋಗಿ. ಫ್ಯೋರ್ಡ್ ಅಂದರೆ ನೆಲದೊಳಗೆ ಉದ್ದಕ್ಕೆ ನುಗ್ಗಿದ ಸಮುದ್ರದ ಕವಲು. ಓಸ್ಲೊ ಫ್ಯೋರ್ಡ್‌ನ ಎರಡೂ ದಡ ಹತ್ತಿರ ಹತ್ತಿರ ಬರುತ್ತವೆ. ಕಾಡು, ಬಂಡೆ, ಬಂಡೆ ಮೇಲೆ ಕೆಂಪು ಮರದ ಮನೆ. ಪಶ್ಚಿಮ ನಾರ್ವೆಯ ಕಡಿದಾದ ಫ್ಯೋರ್ಡ್‌ಗಳ ಹಾಗೆ ಇದು ಅಲ್ಲ. ಆದರೆ ಮಗು ನೋಡುವ ಮೊದಲ ಫ್ಯೋರ್ಡ್ ನಿಧಾನವಾಗಿ ಜಾರುತ್ತಾ ಹೋಗುತ್ತದೆ, ಯಾರೂ ಎಲ್ಲಿಗೂ ಓಡಬೇಕಿಲ್ಲ.

ಓಸ್ಲೊದಲ್ಲಿ ಆಪೆರಾ ಹೌಸಿನ ಛಾವಣಿ ನೆಲದಿಂದಲೇ ಇಳಿಜಾರಾಗಿ ಮೇಲೆ ಹೋಗುತ್ತದೆ. ಯಾರು ಬೇಕಾದರೂ ಹತ್ತಬಹುದು, ದುಡ್ಡಿಲ್ಲ. ಒದ್ದೆಯಾಗಿದ್ದರೆ ಜಾರುತ್ತದೆ, ಕೈ ಹಿಡಿದುಕೊಳ್ಳಿ. ಮಳೆ ಬಂದರೆ ಪಕ್ಕದಲ್ಲೇ 2020ರಲ್ಲಿ ತೆರೆದ ದೈಖ್ಮಾನ್ ಗ್ರಂಥಾಲಯ. ಮಕ್ಕಳ ವಿಭಾಗದಲ್ಲಿ ಅರ್ಧ ದಿನ ಗೊತ್ತಾಗದೆ ಕಳೆಯುತ್ತದೆ. ವೀಗೆಲಾಂಡ್ ಪಾರ್ಕ್‌ನಲ್ಲಿ 200ಕ್ಕೂ ಹೆಚ್ಚು ಪ್ರತಿಮೆಗಳಿವೆ, ಅದಕ್ಕೂ ಟಿಕೆಟ್ ಇಲ್ಲ. ಅಲ್ಲಿನ ಸೇತುವೆ ಮೇಲೆ ಸಿಟ್ಟಿನ ಹುಡುಗ ಅಂತ ಒಂದು ಪುಟ್ಟ ಪ್ರತಿಮೆ ಇದೆ. ಮುಷ್ಟಿ ಬಿಗಿದು, ಒಂದು ಕಾಲು ಎತ್ತಿ, ಬಾಯಿ ತೆರೆದು ರಚ್ಚೆ ಹಿಡಿದಿದ್ದಾನೆ. ಜನ ಮುಟ್ಟಿ ಮುಟ್ಟಿ ಅವನ ಒಂದು ಕೈ ಬಂಗಾರದ ಹಾಗೆ ಹೊಳೆಯುತ್ತದೆ. ನಿಮ್ಮ ಮಗು ಅವನ ಮುಂದೆ ನಿಂತು ಅದೇ ಮುಖ ಮಾಡುತ್ತದೆ, ನೋಡಿ. ಒಂದು ಬೆಳಿಗ್ಗೆ ಸಿಟಿ ಟಿಕೆಟ್‌ನಲ್ಲೇ ದೋಣಿ ಹತ್ತಿ ಹೋವೆಡೋಯಾ ದ್ವೀಪಕ್ಕೆ ಹೋಗಿ. ಹತ್ತು ನಿಮಿಷದ ದಾರಿ, ಹಳೆಯ ಮಠದ ಕಲ್ಲುಗಳು, ಹುಲ್ಲು.

ಸಾಧ್ಯವಾದರೆ ಮೇ 17 ಓಸ್ಲೊದಲ್ಲಿ ಬರುವ ಹಾಗೆ ಲೆಕ್ಕ ಹಾಕಿ. 1814ರ ಸಂವಿಧಾನದ ದಿನ. ಸೈನ್ಯದ ಮೆರವಣಿಗೆ ಅಲ್ಲ, ಶಾಲೆ ಮಕ್ಕಳ ಮೆರವಣಿಗೆ. ಬ್ಯಾಂಡ್, ಬಾವುಟ, ಊರಿನ ಸಾಂಪ್ರದಾಯಿಕ ಬಟ್ಟೆ. ಸಾವಿರಾರು ಮಕ್ಕಳು ಅರಮನೆ ಮುಂದೆ ನಡೆದು ಹೋಗುತ್ತಾರೆ, ರಾಜಮನೆತನದವರು ಬಾಲ್ಕನಿಯಿಂದ ಕೈ ಬೀಸುತ್ತಾರೆ. ನಿಮ್ಮ ಮಕ್ಕಳ ಕೈಗೂ ಒಂದು ಪುಟ್ಟ ಬಾವುಟ ಕೊಡಿಸಿ. ಅವತ್ತು ಅಂಗಡಿಗಳು ಮುಚ್ಚಿರುತ್ತವೆ, ಹಾಲು ಹಿಂದಿನ ದಿನವೇ ತಂದಿಡಿ.

ಪಶ್ಚಿಮ ನಾರ್ವೆಯ ಫ್ಲಾಮ್ ರೈಲು? ಇದನ್ನು ಕೇಳದವರೇ ಇಲ್ಲ. ಇಪ್ಪತ್ತು ಕಿಲೋಮೀಟರಿನಲ್ಲಿ 860 ಮೀಟರಿಗೂ ಜಾಸ್ತಿ ಇಳಿಯುವ ದಾರಿ, ಸೊಗಸಾಗಿದೆ. ಆದರೆ ಓಸ್ಲೊದಿಂದ ಆ ರೈಲು ಹಿಡಿಯಲು ಮೀರ್ಡಾಲ್‌ವರೆಗೆ ಹೋಗುವುದಕ್ಕೇ ನಾಲ್ಕೂವರೆ ಗಂಟೆ ಬೇಕು. ಮೂರು ವರ್ಷದ ಮಗುವನ್ನು ಒಂದೇ ದಿನದಲ್ಲಿ ಹೋಗಿ ಬರುವಂತೆ ಕೂರಿಸಬೇಡಿ, ದಯವಿಟ್ಟು. ನೋಡಲೇಬೇಕು ಅನ್ನಿಸಿದರೆ ರಜ ಎರಡು ದಿನ ಜಾಸ್ತಿ ಮಾಡಿ, ಫ್ಲಾಮ್‌ನಲ್ಲೇ ಎರಡು ರಾತ್ರಿ ಇರಿ. ಸ್ಟಾಕ್‌ಹೋಮ್ ಮಕ್ಕಳಿಗೆ ಒಳ್ಳೆಯ ಊರು, ಅದನ್ನೇ ಬೇರೆ ಒಂದು ವರ್ಷಕ್ಕೆ ಇಟ್ಟುಕೊಳ್ಳಿ. ವಾಸಾ ಎಲ್ಲಿಗೂ ಹೋಗುವುದಿಲ್ಲ.

ತಂಗಿ ಬರುವ ಮೇ ತಿಂಗಳಲ್ಲಿ ಮತ್ತೆ ಬರುತ್ತಿದ್ದಾಳೆ. ಈ ಸಲ ಸೂಟ್‌ಕೇಸ್ ಎರಡೇ ಸಲ ಕಟ್ಟುವುದು. ಮಗನಿಗೆ ಈಗ ಎಂಟು ವರ್ಷ. ಮೊನ್ನೆ ಫೋನಿನಲ್ಲಿ ಅವನು ಕೇಳಿದ್ದು ಬಾಟ್ಲಿ ಮಿಷಿನ್ ಇನ್ನೂ ಇದೆಯಾ ಅಂತ. ಬಾಲ್ಕನಿಯಲ್ಲಿ ಒಂದು ದೊಡ್ಡ ಚೀಲ ಇಟ್ಟಿದ್ದೇನೆ. ಇವತ್ತಿಗೆ ಮೂವತ್ತೊಂದು ಬಾಟಲಿ ಆಗಿದೆ.