ಹ್ಯೂಸ್ಟನ್‌ನಲ್ಲಿ ಶಾಲೆ ಹುಡುಕುವುದೆಂದರೆ ಮನೆ ಹುಡುಕುವುದು

ದಾವಣಗೆರೆಗೆ ಫೋನ್ ಮಾಡಿದರೆ ಅಕ್ಕ ಮೊದಲು ವಿಚಾರಿಸುವುದು ಮಗಳ ಶಾಲೆ. "ಡೊನೇಷನ್ ಎಷ್ಟು ಕೊಟ್ಯೋ?" ಏನೂ ಇಲ್ಲ ಅಕ್ಕ, ಸರ್ಕಾರಿ ಶಾಲೆ ಅಂದೆ. "ಅಷ್ಟು ದೂರ ಹೋಗಿ ಸರ್ಕಾರಿ ಶಾಲೆಗೆ ಹಾಕಿದ್ಯಾ?" ಅಂತ ಅವಳಿಗೆ ಬೇಜಾರೇ ಆಯ್ತು. ಊರಿನ ಇನ್ನೂ ಕೆಲವರು ಇದನ್ನೇ ಕೇಳಿದ್ದಾರೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಅಮೆರಿಕದ ಟೆಕ್ಸಸ್ ರಾಜ್ಯದ ಈ ಊರಲ್ಲಿ ಹೆಚ್ಚಿನವರ ಮಕ್ಕಳು ಹೋಗುವುದು ಸರ್ಕಾರಿ ಶಾಲೆಗೇ. ಡಾಕ್ಟರ ಮಗ, ಆಸ್ಪತ್ರೆ ಕಸ ಗುಡಿಸುವವರ ಮಗಳು ಒಂದೇ ಹಳದಿ ಬಸ್ಸು ಹತ್ತುವುದುಂಟು. ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುವ ಸ್ಥಳೀಯ ಸಂಸ್ಥೆ. ನಮ್ಮ ಬಿಇಒ ಕಚೇರಿಗಿಂತ ಇದರ ಕೈ ಉದ್ದ. ತಾನೇ ತೆರಿಗೆ ಹಾಕುತ್ತದೆ, ಅದರ ಮಂಡಳಿಗೆ ಜನರೇ ಓಟು ಹಾಕುತ್ತಾರೆ. ಹ್ಯೂಸ್ಟನ್ ಐಎಸ್‌ಡಿ, ಅಂದರೆ ಹ್ಯೂಸ್ಟನ್ ಸ್ಕೂಲ್ ಡಿಸ್ಟ್ರಿಕ್ಟ್, ಟೆಕ್ಸಸ್‌ನಲ್ಲೇ ದೊಡ್ಡದು. ಸುತ್ತ ಕೇಟಿ, ಫೋರ್ಟ್ ಬೆಂಡ್, ಸೈ-ಫೇರ್ ಅಂತ ಇನ್ನೂ ಎಷ್ಟೋ ಇವೆ.

ನಿಮ್ಮ ಮನೆ ವಿಳಾಸ ಯಾವ ಗಡಿಯೊಳಗಿದೆಯೋ ಆ ಶಾಲೆಯೇ ನಿಮ್ಮದು. ರಸ್ತೆಯ ಈ ಬದಿಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು ಇರಬಹುದು. ಹೆಸರಿರುವ ಶಾಲೆಯ ಗಡಿಯಲ್ಲಿ ಮನೆ ಬೆಲೆ ಜಾಸ್ತಿ, ಬಾಡಿಗೆಯೂ ಜಾಸ್ತಿ. ಮನೆ ಕಂದಾಯದ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ. ಡೊನೇಷನ್ ಇಲ್ಲ ನಿಜ. ಆದರೆ ಅನುಕೂಲ ಇರುವವರು ಅದನ್ನು ಮನೆ ಸಾಲದ ಕಂತಿನಲ್ಲಿ ಕಟ್ಟುತ್ತಿರುತ್ತಾರೆ, ಅಷ್ಟೇ. ಇಲ್ಲದವರಿಗೆ ಹಿಂದೆ ಬಿದ್ದ ಶಾಲೆಯೇ ಗತಿ. ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ.

ಆದರೂ ಮೆಚ್ಚಬೇಕಾದದ್ದು ಬಹಳ ಇದೆ. ಸೇರಿಸುವಾಗ ಕೌಂಟರಿನ ಹೆಂಗಸು ಕೇಳಿದ್ದು ಬಾಡಿಗೆ ಕರಾರು, ಕರೆಂಟ್ ಬಿಲ್, ಜನನ ಪತ್ರ, ಲಸಿಕೆ ದಾಖಲೆ. ನಾನೇನು ಓದಿದ್ದೇನೆ, ಸಂಬಳ ಎಷ್ಟು ಅಂತ ಸಂದರ್ಶನವಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಒಂದು ತರಗತಿಗೆ 22 ಮಕ್ಕಳ ಮಿತಿ, ಅನುಮತಿ ಪಡೆದರೆ ಮಾತ್ರ ಹೆಚ್ಚು. ಕಾಗದಪತ್ರ ಇಲ್ಲದೆ ದೇಶಕ್ಕೆ ಬಂದವರ ಮಕ್ಕಳನ್ನೂ ವಾಪಸ್ ಕಳಿಸುವಂತಿಲ್ಲ. 1982ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿತು, ಆ ಮೊಕದ್ದಮೆ ಹೋದದ್ದೂ ಟೆಕ್ಸಸ್‌ನಿಂದಲೇ.

ಖಾಸಗಿ ಶಾಲೆಗಳೂ ಇವೆ. ಸೇಂಟ್ ಜಾನ್ಸ್, ಕಿಂಕೇಡ್‌ನಂಥವುಗಳ ಹೈಸ್ಕೂಲ್ ಫೀಸು ವರ್ಷಕ್ಕೆ 30,000 ಡಾಲರ್ ದಾಟುತ್ತದೆ. ನಡುವೆ ಚಾರ್ಟರ್ ಶಾಲೆಗಳಿವೆ: ದುಡ್ಡು ಸರ್ಕಾರದ್ದು, ನಡೆಸುವವರು ಬೇರೆ. ಇಂಥ ಶಾಲೆಗಳನ್ನು ನಡೆಸುವ ಕಿಪ್ ಅನ್ನುವ ಸಂಸ್ಥೆ 1994ರಲ್ಲಿ ಶುರುವಾದದ್ದು ಹ್ಯೂಸ್ಟನ್‌ನಲ್ಲೇ.

2023ರಲ್ಲಿ ಹ್ಯೂಸ್ಟನ್ ಐಎಸ್‌ಡಿಯ ಚುನಾಯಿತ ಮಂಡಳಿಯನ್ನು ರಾಜ್ಯ ಸರ್ಕಾರ ಬದಿಗೆ ಸರಿಸಿ ತನ್ನವರನ್ನು ಕೂರಿಸಿತು. ಒಂದು ಹೈಸ್ಕೂಲು ವರ್ಷಗಟ್ಟಲೆ ಹಿಂದೆ ಬಿದ್ದದ್ದು ಮುಖ್ಯ ಕಾರಣ. ಆಮೇಲೆ ಹಲವು ಶಾಲೆಗಳಲ್ಲಿ ಲೈಬ್ರರಿಯನ್ ಹುದ್ದೆಗಳೇ ಹೋದವು. ತಂದೆತಾಯಂದಿರು ಸಭೆಗಳಿಗೆ ಹೋಗಿ ಮೈಕ್ ಹಿಡಿದು ಎದುರಾಡಿದರು. ತಮ್ಮ ಮಕ್ಕಳು ಅದೇ ಶಾಲೆಯಲ್ಲಿದ್ದಾರೆ, ಸುಮ್ನೆ ಕೂರೋಕಾಗುತ್ತಾ?

ನಮ್ಮೂರಿನ ಸರ್ಕಾರಿ ಶಾಲೆಗಳಿಗೂ ಎಸ್‌ಡಿಎಂಸಿ ಅನ್ನುವ ಶಾಲಾಭಿವೃದ್ಧಿ ಸಮಿತಿ ಇದೆ, ಅಧ್ಯಕ್ಷರು ಪೋಷಕರೇ. ಆದರೆ ಅಧಿಕಾರಿಗಳ ಎದುರು ಗಟ್ಟಿಯಾಗಿ ಮಾತಾಡಬಲ್ಲ ಡಾಕ್ಟರು, ವಕೀಲರು, ಮೇಷ್ಟ್ರುಗಳ ಮಕ್ಕಳು ಬಹುಪಾಲು ಖಾಸಗಿ ಶಾಲೆಯ ವ್ಯಾನು ಹತ್ತಿಬಿಟ್ಟಿದ್ದಾರೆ. ಅವರಲ್ಲಿ ಹತ್ತು ಮನೆಯವರು ಪಕ್ಕದ ಸರ್ಕಾರಿ ಶಾಲೆಗೆ ಮಕ್ಕಳನ್ನು ಹಾಕಿದರೂ ಶೌಚಾಲಯದ ನೀರು, ಖಾಲಿ ಇರುವ ಶಿಕ್ಷಕರ ಹುದ್ದೆ ಮೊದಲಿನ ಹಾಗೆ ಉಳಿಯಲು ಬಿಡುವುದಿಲ್ಲ. ಟೆಕ್ಸಸ್ ಈಗ ತಿರುಗಿ ನಮ್ಮ ದಾರಿ ಹಿಡಿಯುತ್ತಿದೆ ಅನ್ನುವ ಆತಂಕ ನನಗಿದೆ. ಖಾಸಗಿ ಫೀಸಿಗೆ ಸರ್ಕಾರದ ಹಣ ಕೊಡುವ ಕಾನೂನು 2025ರಲ್ಲಿ ಬಂದಿದೆ.

ದಾವಣಗೆರೆ ಕಡೆಯಿಂದ ಮಕ್ಕಳ ಜೊತೆ ಇಲ್ಲಿಗೆ ಬರುವವರಿಗೆ ಒಂದು ಮಾತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸಕ್ಕೆ ಯಾವ ಶಾಲೆ ಅಂತ ನೋಡಿಕೊಳ್ಳಿ. ತಾಯಿ ಕಾರ್ಡ್ ಮರೆಯಬೇಡಿ. ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಟೆಕ್ಸಸ್ ಶಾಲೆಗಳು ಕೇಳುತ್ತವೆ. ಊರಲ್ಲೇ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿ, ತಾರೀಖು ಸಮೇತ ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ.