ಸೈಟಿಗೆ ನಂಬರು ಹಾಕುವ ಮೊದಲೇ ಯೋಜನಾ ಕಚೇರಿಗೆ ಹೋಗಿ

ಜಮೀನು ಕೊಂಡು ಸೈಟುಗಳಾಗಿ ವಿಂಗಡಿಸಿ ಮಾರಲು ಹೊರಟವರು, ಸರ್ವೆ ಮುಗಿದು, ನಕ್ಷೆಯಲ್ಲಿ ಸೈಟುಗಳಿಗೆ ನಂಬರು ಬಿದ್ದು, ಒಂದೆರಡಕ್ಕೆ ಮುಂಗಡವೂ ಬಂದ ಮೇಲೆ, ವಿಂಗಡಣೆಗೆ ಮಂಜೂರಾತಿ ಕೊಡುವ ಯೋಜನಾ ಕಚೇರಿಯ ಮೆಟ್ಟಿಲು ಹತ್ತಿದರೆ ಅಲ್ಲಿ ಸಿಗುವುದು ಸಲಹೆಯಲ್ಲ, ಆಕ್ಷೇಪಣೆ. ಗಡಿ ಅಳತೆ ಕೈಯಲ್ಲಿದೆ, ಜಮೀನಿನ ಖರೀದಿ ಕರಾರು ಇನ್ನೂ ಗಟ್ಟಿಯಾಗಿಲ್ಲ ಎನ್ನುವ ಹಂತದಲ್ಲೇ ಹೋಗಬೇಕು.

ಬರಿಗೈಯಲ್ಲಿ ಹೋದರೆ ಮಾತು 'ನಿಯಮದ ಪ್ರಕಾರ ಆಗುತ್ತೆ' ಎಂಬಲ್ಲಿಗೆ ಮುಗಿಯುತ್ತದೆ. 1:500 ಅಳತೆಯ ಒಂದು ನಕ್ಷೆ ಸಾಕು. ಅದರಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 5 ಮೀಟರ್. ಗಡಿ, ಅರ್ಧ ಮೀಟರ್ ಎತ್ತರಕ್ಕೊಂದರಂತೆ ನೆಲದ ಏರಿಳಿತ ತೋರಿಸುವ ಮಟ್ಟದ ಗೆರೆ, ಹಳ್ಳ, ಬಾವಿ, ದೊಡ್ಡ ಮರ, ವಿದ್ಯುತ್ ತಂತಿ, ಪಕ್ಕದವರು ಓಡಾಡುವ ದಾರಿ ಎಲ್ಲವೂ ಅದರಲ್ಲಿರಲಿ. ಸೈಟು ವಿಂಗಡಣೆ ಮಾತ್ರ ಪೆನ್ಸಿಲಿನಲ್ಲೇ ಇರಲಿ, ಎರಡು ಬಗೆಯಲ್ಲಿ. ಎರಡಿದ್ದರೆ ಅಧಿಕಾರಿ ಹೋಲಿಸಿ ಮಾತಾಡುತ್ತಾರೆ. ಒಂದೇ ಇದ್ದರೆ ಅದರ ತಪ್ಪನ್ನಷ್ಟೇ ಹೇಳುತ್ತಾರೆ.

ಹೆಚ್ಚು ಜನ ಎಡವುವುದು ಲೆಕ್ಕದಲ್ಲಿ. 40 × 100 ಮೀಟರಿನ ಜಮೀನು, ಕನಿಷ್ಠ ನಿವೇಶನ 400 ಚದರ ಮೀಟರ್ ಎಂದುಕೊಳ್ಳಿ. 4000 ಭಾಗಿಸು 400, ಹತ್ತು ಸೈಟು ಎಂದು ಮನಸ್ಸು ಹೇಳುತ್ತದೆ. 9 ಮೀಟರ್ ಅಗಲದ ರಸ್ತೆ ಉದ್ದಕ್ಕೂ ಹೋದರೆ 900 ಚದರ ಮೀಟರ್ ಹೋಯಿತು. ಹತ್ತನೇ ಒಂದು ಭಾಗ ಬಯಲು ಜಾಗ ಬಿಡಬೇಕೆಂದರೆ ಇನ್ನೊಂದು 400. ಉಳಿದ 2700ರಲ್ಲಿ ಆರು ಸೈಟು, ಅಷ್ಟೇ. ರಸ್ತೆಯ ತುದಿಯಲ್ಲಿ ಅಗ್ನಿಶಾಮಕ ವಾಹನ ತಿರುಗಲು ಜಾಗ ಕೇಳಿದರೆ ಐದಕ್ಕೆ ಇಳಿದರೂ ಇಳಿಯಬಹುದು. ಜಮೀನಿಗೆ ಎಷ್ಟು ಕೊಡಬಹುದು ಎಂಬುದು ಈ ಆರರ ಮೇಲೆ ನಿಂತಿದೆ, ಹತ್ತರ ಮೇಲಲ್ಲ. ಹಾಗಾಗಿ ರಸ್ತೆ ಅಗಲ, ಬಯಲು ಜಾಗ, ಕನಿಷ್ಠ ಮುಂಭಾಗ (ಸೈಟಿನ ರಸ್ತೆ ಕಡೆಯ ಅಗಲ), ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡಕ್ಕೆ ಬಿಡಬೇಕಾದ ಅಂತರ), ಈ ನಾಲ್ಕರ ಅಂಕಿಗಳನ್ನು ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ.

ಒಳಚರಂಡಿ ವಿಚಾರ ಇನ್ನೂ ಮೋಸದ್ದು. ಮುಂದಿನ ರಸ್ತೆಯಲ್ಲಿ ಮ್ಯಾನ್‌ಹೋಲ್ ಇದೆ ಎಂದಷ್ಟಕ್ಕೇ ಸಮಾಧಾನ ಬೇಡ, ಅದರೊಳಗಿನ ಪೈಪಿನ ತಳ ಎಷ್ಟು ಆಳದಲ್ಲಿದೆ ಎಂದು ಕೇಳಿ. 100ಕ್ಕೆ 1ರ ಇಳಿಜಾರಿನಲ್ಲಿ 90 ಮೀಟರ್ ಪೈಪು 0.9 ಮೀಟರ್ ಇಳಿಯುತ್ತದೆ. ಜಮೀನಿನ ಹಿಂತುದಿಯ ಸೈಟಿನಲ್ಲಿ ಪೈಪು 0.6 ಮೀಟರ್ ಆಳದಿಂದ ಶುರುವಾದರೆ, ಸಮತಟ್ಟು ನೆಲದಲ್ಲೂ ಮ್ಯಾನ್‌ಹೋಲ್ ಹತ್ತಿರ 1.5 ಮೀಟರ್ ಆಳ ಬೇಕು. ಜಮೀನು ರಸ್ತೆಗಿಂತ ತಗ್ಗಿನಲ್ಲಿದ್ದರೆ ಇನ್ನೂ ಆಳ, ಇಲ್ಲವೇ ಪಂಪು. ಆ ಪಂಪನ್ನು ಮುಂದೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಕಡತ ಕದಲುವುದಿಲ್ಲ.

ರಸ್ತೆಗೆ ಸೇರುವ ಬಾಯಿಯ ಜಾಗವನ್ನೂ ಆಗಲೇ ತೋರಿಸಿ. ಗಂಟೆಗೆ 60 ಕಿ.ಮೀ. ವೇಗದ ವಾಹನ ನಿಲ್ಲಲು, ಚಾಲಕ ಎಚ್ಚೆತ್ತುಕೊಳ್ಳುವ ಎರಡೂವರೆ ಸೆಕೆಂಡು ಸೇರಿಸಿದರೆ, ಸುಮಾರು 80 ಮೀಟರ್ ಬೇಕು. ಅಷ್ಟು ದೂರಕ್ಕೆ ತಿರುವೋ ದಿಬ್ಬವೋ ಅಡ್ಡ ಬಂದರೆ ಬಾಯಿ ಬೇರೆಡೆಗೆ ಹೋಗುತ್ತದೆ, ಅದರ ಜೊತೆ ಇಡೀ ವಿಂಗಡಣೆಯೂ.

ಮಾತುಕತೆಯಾದ ಎರಡು ದಿನದೊಳಗೆ, ತೋರಿಸಿದ ನಕ್ಷೆಯ ನಂಬರು ಮತ್ತು ದಿನಾಂಕ ಹಾಕಿ, ಅವರು ಹೇಳಿದ್ದನ್ನು ಬರೆದು ಕಳಿಸಿ, ತಪ್ಪಿದ್ದರೆ ತಿದ್ದಲು ಕೇಳಿ. ಇದು ಮಂಜೂರಾತಿ ಅಲ್ಲ. ಪೂರ್ವಭಾವಿ ಸಲಹೆ ಸಾಮಾನ್ಯವಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ ಕುರ್ಚಿಯಲ್ಲಿರುವವರು ಬದಲಾದಾಗ ಮತ್ತೆ ಮೊದಲಿನಿಂದ ಶುರು ಮಾಡುವುದು ತಪ್ಪುತ್ತದೆ. ಯಾವ ಜಾಗ ಯಾವ ಬಳಕೆಗೆ ಎಂದು ಹೇಳುವ ವಲಯ ನಕ್ಷೆ ಪರಿಷ್ಕರಣೆಯಲ್ಲಿದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.